ಪಕ್ಕದ ಸೀಟಿನ ಗುನುಗು

ಅಂಗಡಿಯ ಹಿಂದಿನ ಕೋಣೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಖು, ಸಂಜೆ

ನನ್ನ ಮನೆಯೊಡತಿಗೆ, ಪ್ರೀತಿಯಿಂದ,

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ನಿನ್ನಕ್ಕನ ಮನೆಯಲ್ಲಿ ನಿನ್ನನ್ನು ಮಹಡಿಯ ಕೋಣೆಯಲ್ಲಿ ಮಲಗಿಸಿದ್ದಾರೆ ಎಂದು ಗೊತ್ತಾದಾಗಿನಿಂದ ನನಗೆ ಆ ಮೆಟ್ಟಿಲುಗಳದೇ ಚಿಂತೆ. ಹತ್ತುವಾಗ ಕಂಬಿ ಹಿಡಿದುಕೊ. ಇಳಿಯುವಾಗ ಅವಸರ ಮಾಡಬೇಡ, ಕೆಳಗೆ ಯಾರೂ ನಿನಗಾಗಿ ಬಸ್ಸು ನಿಲ್ಲಿಸಿಕೊಂಡು ಕೂತಿಲ್ಲ. ನಿದ್ದೆ ಬರುತ್ತಿದೆಯೇ? ನಿನ್ನ ಭಾವ ಕೊಡುವ ಬಿಳಿ ಮಾತ್ರೆ ನುಂಗಿದರೆ ಮರುದಿನ ಮಧ್ಯಾಹ್ನದವರೆಗೂ ತಲೆಯೊಳಗೆ ಹತ್ತಿ ತುಂಬಿದಂತಿರುತ್ತದೆ ಎಂದು ಹೋದ ಹೊಸದರಲ್ಲಿ ಫೋನಿನಲ್ಲಿ ಹೇಳಿದ್ದೆ. ಅರ್ಧ ಮಾಡಿ ನುಂಗು, ಇನ್ನರ್ಧವನ್ನು ಅವರ ಹೂವಿನ ಕುಂಡಕ್ಕೆ ಹಾಕು, ಗಿಡವಾದರೂ ನೆಮ್ಮದಿಯಾಗಿ ಮಲಗಲಿ. ಔಷಧಿ ಅಂಗಡಿ ಇಟ್ಟವರೆಲ್ಲ ಡಾಕ್ಟರಾಗುವುದಾದರೆ, ಜೀವಮಾನವೆಲ್ಲ ಕಾರಿನ ಸೀಟು ಹೊಲಿದ ನಾನು ಈ ಹೊತ್ತಿಗೆ ಕಾರಿನ ಕಾರ್ಖಾನೆಗೇ ಯಜಮಾನನಾಗಿರಬೇಕಿತ್ತು.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ, ಹೊತ್ತುಹೊತ್ತಿಗೆ ಏನೋ ಒಂದು ಬೇಯಿಸಿಕೊಂಡು ತಿನ್ನುತ್ತಿದ್ದೇನೆ. ಏನು ಎಂದು ಕೇಳಬೇಡ, ತಿಂದ ನನಗೇ ಗೊತ್ತಾಗುವುದಿಲ್ಲ. ಕಿಟಕಿಯ ಗಿಡಗಳಿಗೆ ನೀರು ಹಾಕುತ್ತಿದ್ದೇನೆ. ನೀನಿಲ್ಲದ ಮನೆಯಲ್ಲಿ ಗೊಣಗುವುದಕ್ಕೂ ಬೇಜಾರು. ಗೊಣಗಿದರೆ "ಶುರುವಾಯ್ತಾ ನಿಮ್ಮ ರಾಗ" ಎನ್ನುವುದಕ್ಕೆ ಒಬ್ಬರು ಬೇಕಲ್ಲ. ಈಗ ಫೋನು ಮಾಡೋಣವೆಂದರೆ ಎತ್ತುವವಳು ನಿನ್ನಕ್ಕ. ಯಾವ ಹೊತ್ತಿಗೆ ಮಾಡಿದರೂ "ಈಗಷ್ಟೇ ಮಲಗಿದ್ಲು, ಎಬ್ಬಿಸ್ಬೇಡಿ" ಎನ್ನುತ್ತಾಳೆ. ಅಷ್ಟು ಮಲಗುವ ಹೆಂಗಸಲ್ಲ ನೀನು, ಮದುವೆಯಾದ ಹೊಸದರಲ್ಲೂ ನನಗಿಂತ ಮೊದಲು ಎದ್ದು ನನ್ನ ಹೊದಿಕೆ ಎಳೆದವಳು. ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ನಮಗೆ ಫೋಮು ತಂದುಕೊಡುವ ವ್ಯಾನು ನಿಮ್ಮ ಕಡೆಗೇ ಹೋಗುತ್ತದೆ. ಡ್ರೈವರಿಗೆ, ನಿನ್ನ ಕೈಗೇ ಕೊಡಬೇಕು, ನಿನ್ನಕ್ಕ ಎಷ್ಟು ನಕ್ಕು ಕೈಚಾಚಿದರೂ ಕೊಡಬಾರದು ಎಂದು ಹೇಳಿದ್ದೇನೆ.

ಸುದ್ದಿಗೆ ಬರುತ್ತೇನೆ. ಕಾರಿನ ಹಳೆಯ ಸ್ಟೀರಿಯೊ ಹೊರಗೆ ಬಂತು. ಹೊಸದು ಒಳಗೆ ಕೂತಿತು. ನಿನ್ನ ಭಾವನ ಷರತ್ತು ಇದೇ ಆಗಿತ್ತು. ನಿನ್ನ ಮುಂದೆ ಅದನ್ನು ಎಷ್ಟು ಸಕ್ಕರೆ ಸವರಿ ಹೇಳಿದರೋ ಗೊತ್ತಿಲ್ಲ, ನನಗೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: "ನೋಡಿ, ಆ ಹಳೇ ರೇಡಿಯೊ ಕಿತ್ತು ಬಿಸಾಕಿ, ಹೊಸದು ಹಾಕಿಸಿ. ಭಾನುವಾರ ಅವಳನ್ನ ಕರ್ಕೊಂಡು ಬರ್ತೀನಿ, ಕಾರಲ್ಲಿ ಕೂರಿಸೋಣ. ಏನೂ ಕೇಳಿಸ್ಲಿಲ್ಲ ಅಂದ್ರೆ ಅಲ್ಲೇ ಬಿಟ್ಟು ಬರ್ತೀನಿ, ನಿಮ್ಮ ಹೆಂಡ್ತಿ ನಿಮ್ಮ ಪಾಲು. ಇನ್ನೂ ಮಗ ಗುನುಗ್ತಾನೆ ಅಂದ್ಲೋ, ಸೋಮವಾರ ಆಸ್ಪತ್ರೆಗೆ ಸೇರಿಸೋದೇ. ಹಾಸಿಗೆ ಹೇಳಿಟ್ಟಿದೀನಿ." ಹಾಸಿಗೆ ಹೇಳಿಟ್ಟಿದ್ದಾರಂತೆ, ಮದುವೆ ಛತ್ರ ಹೇಳಿಟ್ಟ ಹಾಗೆ. ನನ್ನ ಮೈ ಉರಿದುಹೋಯಿತು. ಆದರೂ ಒಪ್ಪಿಕೊಂಡೆ. ಯಾಕೆಂದರೆ ಆ ದಿನ ನನಗೂ ನಿನ್ನ ಮಾತಿನ ಮೇಲೆ ನಂಬಿಕೆ ಇರಲಿಲ್ಲ.

ಇವತ್ತು ಆ ಕಾರನ್ನು ಹಿಂದಿನ ಅಂಗಳದಲ್ಲಿ ನೋಡುತ್ತಾ ಅದು ಮನೆಗೆ ಬಂದ ದಿನವೇ ನೆನಪಾಗುತ್ತಿದೆ. ತನಗಿಂತ ವಯಸ್ಸಾದ ಒಂದು ಗಾಡಿ ತಂದು ಬಾಗಿಲಿಗೆ ನಿಲ್ಲಿಸಿ, ಮಗರಾಯ ಒಂದೇ ಸಮನೆ ಹಾರ್ನ್ ಒತ್ತಿದ. ಎರಡೇ ಸೀಟು, ಬಟ್ಟೆಯ ಮೇಲ್ಚಾವಣಿ, ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ಕುಳ್ಳು. ಬೋರ್ಡು ಬರೆಯುವವನ ಸಂಪಾದನೆಗೆ ರೇಸಿನ ಗಾಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಬೈದೆ, ನೀನು ಬೈಯುವವಳ ಹಾಗೆ ಮುಖ ಮಾಡಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. "ಅಪ್ಪ ಸೀಟು ಹೊಲಿಯೋರು, ಅಮ್ಮ ಸೀಟಲ್ಲಿ ಕೂರೋರು" ಎಂದ. ಕೆಲಸ ಹಂಚಿದ ಚಂದ ನೋಡು. ಆ ಸೀಟುಗಳ ತಲೆದಿಂಬಿನೊಳಗೇ ಸಣ್ಣ ಸ್ಪೀಕರುಗಳಿವೆ ಎಂದು ಅವನಿಗೆ ಎಷ್ಟು ಹೆಮ್ಮೆ. ಮೇಲೆ ಚಾವಣಿ ತೆಗೆದು ಓಡಿಸಿದಾಗ ಗಾಳಿಯಲ್ಲಿ ಹಾಡು ಹಾರಿಹೋಗಬಾರದೆಂದು ಕಂಪನಿಯವರೇ ಮಾಡಿದ ಏರ್ಪಾಡು. "ಅಮ್ಮಾ, ಹಾಡು ಕಿವೀಲೇ ಹೇಳುತ್ತೆ ನೋಡು." ಒಂದು ತಿಂಗಳು ಹೇಳಿತು. ಆಮೇಲೆ ಸ್ಟೀರಿಯೊದ ದೀಪ ಹೋಯಿತು, ಕ್ಯಾಸೆಟ್ಟು ತಿರುಗುವುದು ನಿಂತಿತು, ರೇಡಿಯೊ ಹಿಡಿಯುವುದೂ ನಿಂತಿತು. ಹೊಸದು ಕೊಳ್ಳುವವರೆಗೆ ಅವನೇ ಗುನುಗುತ್ತಾ ಓಡಿಸಿದ. "ಸದ್ಯಕ್ಕೆ ನಾನೇ ಸ್ಟೀರಿಯೊ" ಎನ್ನುತ್ತಿದ್ದ. ಅದೇ ಎರಡು ಸಾಲು, ಮಾತಿಲ್ಲದ ರಾಗ, ಮಧ್ಯದಲ್ಲಿ ಮೂಗಿನಿಂದ ಒಂದು ಉಸಿರು, ಮತ್ತೆ ಮೊದಲಿನಿಂದ. ಮುಂದಿನ ಸಾಲು ಕಲಿಯೋ ಮಾರಾಯಾ ಎಂದು ನೀನು ಗೋಳಾಡುತ್ತಿದ್ದೆ.

ಹೊಸದು ಕೊಳ್ಳಲಿಲ್ಲ. ಜ್ವರ ಬಂತು, ಒಂದು ವಾರ ಆಸ್ಪತ್ರೆ, ಆಮೇಲೆ ನಾವಿಬ್ಬರೇ ಬಸ್ಸಿನಲ್ಲಿ ಮನೆಗೆ ಬಂದೆವು. ಇದಕ್ಕಿಂತ ಹೆಚ್ಚು ಬರೆಯುವುದಕ್ಕೆ ನನ್ನಿಂದ ಆಗುವುದಿಲ್ಲ.

ಸೀಟಿನ ಜಗಳ ನಿನಗೆ ಮರೆತಿರಲಾರದು. ಅವನು ಹೋದ ಮೇಲೆ ನನಗೆ ಕೈಕಟ್ಟಿ ಕೂರುವುದಕ್ಕೆ ಬರಲಿಲ್ಲ. ಡ್ರೈವರ್ ಸೀಟಿನ ಅಂಚಿನಲ್ಲಿ ಹೊಲಿಗೆ ಬಿಟ್ಟಿತ್ತು. ಬಿಟ್ಟ ಹೊಲಿಗೆ ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ನೀನು ಅಕ್ಕನ ಮನೆಗೆ ಹೋಗಿದ್ದ ದಿನ ಇಡೀ ಸೀಟು ಬಿಚ್ಚಿ, ಒಳಗಿನ ಹಳೆಯ ಫೋಮು ತೆಗೆದು ಹೊಸದು ತುಂಬಿ, ಹೊಸ ಹೊದಿಕೆ ಎಳೆದು ಕಟ್ಟಿದೆ. ನೀನು ಬಂದು ನೋಡಿ ಅಂಗಳದಲ್ಲೇ ಕುಸಿದು ಕೂತೆ. ಆ ಹಳೆಯ ಫೋಮಿನಲ್ಲಿ ಅವನು ಕೂತು ಕೂತು ಆಗಿದ್ದ ಗುಂಡಿ ಇತ್ತು. ನಾನು ಅದನ್ನು ಹಾಳಾದ ಫೋಮು ಎಂದುಕೊಂಡೆ, ನೀನು ಅದನ್ನು ಮಗ ಎಂದುಕೊಂಡಿದ್ದೆ. ಕಸದ ಗಾಡಿ ಹೋಗಿಯಾಗಿತ್ತು. ಅದರ ಮುಂದಿನ ವಾರ ನಾನು ಓಡಿಸುತ್ತಾ ನಿನ್ನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗಲೇ ನೀನು ಮೊದಲ ಸಲ ಹಿಂದಕ್ಕೆ ತಿರುಗಿ ನೋಡಿದ್ದು. ಎರಡು ಸೀಟಿನ ಕಾರಿನಲ್ಲಿ ಹಿಂದೆ ಏನಿದೆ ಎಂದು ನಾನು ನಕ್ಕೆ. ನೀನು ಹೇಳಿದ ಮಾತು ನನ್ನ ಎದೆಯಿಂದ ಇವತ್ತಿಗೂ ಹೋಗಿಲ್ಲ: "ಅವನು ಕೂತಿದ್ದ ಜಾಗ ಕಿತ್ತುಹಾಕಿದ್ರಿ. ಈಗ ಕೂರೋಕೆ ಜಾಗ ಇಲ್ದೆ ನನ್ನ ಬೆನ್ನ ಹಿಂದೆ ನಿಂತಿದಾನೆ ಕಣ್ರೀ. ಗುನುಗ್ತಿದಾನೆ."

ನನಗೆ ಏನೂ ಕೇಳಿಸಲಿಲ್ಲ. ಕಾರು ನಿಲ್ಲಿಸಿ ಕಿವಿಯಿಟ್ಟು ಕೂತೆ, ಇಂಜಿನ್ನು ನಿಲ್ಲಿಸಿ ಕೂತೆ, ಉಸಿರು ಹಿಡಿದು ಕೂತೆ. ನೀನು "ಈಗ ನಿಂತ" ಎನ್ನುತ್ತಿದ್ದೆ, "ಈಗ ಮತ್ತೆ" ಎನ್ನುತ್ತಿದ್ದೆ. ಆ ಸ್ಟೀರಿಯೊ ಸೆಟ್ಟು ಸತ್ತು ಎಷ್ಟೋ ಕಾಲವಾಯಿತು ಎಂದು ತೋರಿಸುವುದಕ್ಕೆ ಗುಂಡಿಗಳನ್ನೆಲ್ಲ ಒತ್ತಿದೆ. ಒಂದು ಸಣ್ಣ ದೀಪವೂ ಹತ್ತಲಿಲ್ಲ. ಕೊನೆಗೆ ನಿನ್ನಕ್ಕನ ಮುಂದೆ ಬಾಯಿಬಿಟ್ಟೆ. ಮರುದಿನವೇ ಬಂದು ನಿನ್ನನ್ನು ಕರೆದುಕೊಂಡು ಹೋದರು, ಮಿಕ್ಕಿದ್ದು ನಿನಗೇ ಗೊತ್ತು. ಮೂಗು ತೂರಿಸುವುದಕ್ಕೆ ಒಂದು ಸಂದು ಸಿಕ್ಕಿದರೆ ಸಾಕು, ಆ ಮನೆಯವರು ಇಡೀ ತಲೆ ತೂರಿಸುತ್ತಾರೆ.

ಇಲ್ಲಿಂದ ಮುಂದಿನದನ್ನು ನಿನ್ನ ಭಾವನ ಎದುರಿಗೆ ಗಟ್ಟಿಯಾಗಿ ಓದು. ನಿನ್ನೆ ಕಾರನ್ನು ಟೈರ್ ಅಂಗಡಿಯ ಹಿಂದಿನ ಶೆಡ್ಡಿಗೆ ತೆಗೆದುಕೊಂಡು ಹೋದೆ. ಕಾರುಗಳಿಗೆ ಸ್ಟೀರಿಯೊ ಕೂರಿಸುತ್ತಾನಲ್ಲ, ಎಲ್ಲರೂ ಸ್ಪೀಕರ್ ಎಂದು ಕರೆಯುವವನು, ಅವನ ಹತ್ತಿರ. ಹೆಸರಿಗೆ ತಕ್ಕ ಬಾಯಿ, ನಿಲ್ಲಿಸುವ ಗುಂಡಿ ಮಾತ್ರ ಯಾರಿಗೂ ಸಿಕ್ಕಿಲ್ಲ. ಕಾರು ನೋಡಿದ್ದೇ ತಡ, ದೊಡ್ಡ ಪರದೆ ಇರುವ ಸೆಟ್ಟು ಹಾಕಿಸಿಕೊಳ್ಳಿ, ದಾರಿ ತೋರಿಸುತ್ತೆ, ಸಿನಿಮಾ ತೋರಿಸುತ್ತೆ, ಡ್ಯಾಶ್‌ಬೋರ್ಡು ಒಂಚೂರು ಕತ್ತರಿಸಿದರಾಯಿತು ಎಂದು ಗರಗಸ ಎತ್ತಿಕೊಂಡು ಬಂದ. ನೀನು ಗರಗಸ ಹಚ್ಚಿದರೆ ನಾನು ನಿನಗೆ ಸೂಜಿ ಹಚ್ಚುತ್ತೇನೆ ಎಂದೆ. ಹಳೆಯದರ ಅಳತೆಗೇ ಸರಿಯಾಗಿ ಕೂರುವ, ನೋಡುವುದಕ್ಕೂ ಹಳೆಯದರ ಹಾಗೇ ಇರುವ ಒಂದು ಸಾದಾ ಸೆಟ್ಟು ಆರಿಸಿದೆ. ಮಗ ಯಾವುದನ್ನು ಆರಿಸುತ್ತಿದ್ದನೋ ಗೊತ್ತಿಲ್ಲ. ಬಹುಶಃ ಸಿನಿಮಾ ತೋರಿಸುವುದನ್ನೇ.

ಸ್ಪೀಕರ್ ಹಳೆಯ ಸೆಟ್ಟಿನ ಎರಡು ಪಕ್ಕದ ತೂತುಗಳಿಗೆ ಬಗ್ಗಿಸಿದ ಉಕ್ಕಿನ ಕಡ್ಡಿ ತೂರಿಸಿ, ಅದನ್ನು ಡ್ರಾಯರ್ ಎಳೆದ ಹಾಗೆ ಹೊರಗೆಳೆದ. ಹಿಂದೆ ವೈರುಗಳ ದೊಡ್ಡ ಗೊಂಚಲು. ಡ್ಯಾಶ್‌ಬೋರ್ಡು ಹಲ್ಲು ಕಿತ್ತ ಬಾಯಿಯಂತೆ ಕಂಡಿತು. ಆ ಗೂಡಿನೊಳಗೆ ನಿನ್ನದೊಂದು ಹೇರ್‌ಪಿನ್ನು ಸಿಕ್ಕಿತು, ಪೆಪ್ಪರಮೆಂಟಿನ ಎರಡು ಕಾಗದ ಸಿಕ್ಕಿದವು. ಹೇರ್‌ಪಿನ್ನನ್ನು ಇದರೊಂದಿಗೆ ಕಳಿಸಿದ್ದೇನೆ. ಕಾಗದಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ಯಾಕೆ ಎಂದು ಕೇಳಬೇಡ. ಆಮೇಲೆ ಸ್ಪೀಕರ್ ಸೆಟ್ಟನ್ನು ವೈರುಗಳ ಸಮೇತ ಗೇರಿನ ಪಕ್ಕ ಇಟ್ಟು, ಕಾರಿನ ಕೀಲಿ ತಿರುಗಿಸಿ, ಅಳೆಯುವ ಮೀಟರಿನ ಕಡ್ಡಿ ತಾಗಿಸಿದ. ತಾಗಿಸಿದವನು ನನ್ನ ಮುಖ ನೋಡಿದ. "ಯಜಮಾನ್ರೇ, ಇದು ಸತ್ತಿದೆ ಅಂದ್ರಲ್ಲ? ದೀಪ ಸತ್ತಿದೆ ಅಷ್ಟೇ. ಸೆಟ್ಟು ಬದುಕಿದೆ. ಕೀಲಿ ತಿರುಗಿಸಿದಾಗಲೆಲ್ಲ ಇದು ಎದ್ದು ಕೂತಿರುತ್ತೆ."

ನಾನು ನಿನ್ನ ಸೀಟಿನಲ್ಲಿ ಕೂತಿದ್ದೆ, ಬೆಳಕು ಹಿಡಿಯುವುದಕ್ಕೆಂದು. ಯೋಚಿಸಿ ನೋಡು, ಅಷ್ಟು ವರ್ಷದಲ್ಲಿ ನಾನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅವನಿದ್ದಾಗ ಅದು ನಿನ್ನದು, ಅವನು ಹೋದ ಮೇಲೆ ನಾನು ಓಡಿಸುವವನು. ಸ್ಪೀಕರ್ ಇನ್ನೊಂದು ವೈರು ನೋಡುವುದಕ್ಕೆ ಹೊರಗಿನಿಂದ ಸುತ್ತಿ ಬಂದು, ಡ್ರೈವರ್ ಸೀಟಿನಲ್ಲಿ ತನ್ನ ಭಾರಿ ದೇಹವನ್ನು ದೊಪ್ಪೆಂದು ಇಳಿಸಿದ. ಅಷ್ಟೇ. ನನ್ನ ಕತ್ತಿನ ಹಿಂದೆ, ತಲೆದಿಂಬಿನಲ್ಲಿ, ನನ್ನ ಮಗ ಗುನುಗಿದ.

ಕೈಯಲ್ಲಿದ್ದ ಟಾರ್ಚು ಬಿದ್ದುಹೋಯಿತು. ಹಿಂದಕ್ಕೆ ತಿರುಗಿದೆ, ನೀನು ತಿರುಗುತ್ತಿದ್ದೆಯಲ್ಲ ಹಾಗೆಯೇ. ಅಲ್ಲಿ ಬಟ್ಟೆಯ ಚಾವಣಿ, ಒಂದು ಸಣ್ಣ ಪ್ಲಾಸ್ಟಿಕ್ ಕಿಟಕಿ, ಆಚೆ ಶೆಡ್ಡಿನ ಗೋಡೆ. ಗುನುಗು ಏರಿತು, ಇಳಿಯಿತು, ನಡುವೆ ಒಂದು ಉಸಿರು ತಗೊಂಡಿತು, ಮತ್ತೆ ಏರಿತು. ನಿನ್ನನ್ನು ಇಷ್ಟು ದಿನ ಒಬ್ಬಳೇ ಇದನ್ನು ಕೇಳಲು ಬಿಟ್ಟೆನಲ್ಲ ಎಂದುಕೊಂಡೆ. ಸ್ಪೀಕರ್‌ಗೆ ಅದಾವುದೂ ಇಲ್ಲ. "ಏನ್ರೀ ಇದು, ಜೇನು ಕಟ್ಟಿದೆಯಾ ಒಳಗೆ" ಎಂದು ಈ ಕಡೆ ಬಗ್ಗಿದ, ಬಗ್ಗಿದ ಕೂಡಲೇ ಗುನುಗು ನಿಂತಿತು. ಮತ್ತೆ ನೆಟ್ಟಗೆ ಕೂತ, ಮತ್ತೆ ಬಂತು. ಎದ್ದು ನಿಂತ, ಹೋಯಿತು. ಆಗ ಅವನು ನಗುತ್ತಾ ಸೀಟಿನ ಬೆನ್ನಿಗೆ ಕೈಹಾಕಿ ಹೊದಿಕೆಯ ಅಂಚು ಸರಿಸಿ, ಒಳಗಿನ ಕಬ್ಬಿಣದ ಚೌಕಟ್ಟಿಗೆ ಬೆರಳಿಟ್ಟು ತೋರಿಸಿದ. "ಈ ರಿಂಗು ಹಾಕಿದ ಪುಣ್ಯಾತ್ಮ ಯಾರು?"

ಆ ಪುಣ್ಯಾತ್ಮ ನಾನೇ. ಸೀಟಿನ ಹೊದಿಕೆಯನ್ನು ಚೌಕಟ್ಟಿಗೆ ಕಚ್ಚಿಸುವುದಕ್ಕೆ ನಾವು ಇಕ್ಕಳದಲ್ಲಿ ಸಣ್ಣ ಕಬ್ಬಿಣದ ರಿಂಗು ಒತ್ತುತ್ತೇವಲ್ಲ, ನೀನೇ ಎಷ್ಟೋ ಸಲ ಡಬ್ಬಿಯಿಂದ ಎಣಿಸಿ ಕೊಟ್ಟಿದ್ದೀಯ. ತಲೆದಿಂಬಿನ ಸ್ಪೀಕರಿಗೆ ಹೋಗುವ ವೈರು ಆ ಚೌಕಟ್ಟಿನ ಉದ್ದಕ್ಕೇ ಬಂದಿದೆ. ಬೇರೆ ಯಾವ ಕಾರಿನ ಸೀಟಿನಲ್ಲಿಯೂ ಅಲ್ಲಿ ವೈರು ಇರುವುದಿಲ್ಲ, ನನ್ನ ಕೈಗೆ ಅದರ ಅಭ್ಯಾಸವೇ ಇಲ್ಲ. ಅವತ್ತು ಕಣ್ಣು ಬೇರೆ ಮಂಜಾಗಿತ್ತು. ಹೊದಿಕೆಯ ಜೊತೆ ಆ ವೈರಿಗೂ ಸೇರಿಸಿ ರಿಂಗು ಕಚ್ಚಿಸಿಬಿಟ್ಟಿದ್ದೆ. ಸ್ಪೀಕರ್ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಡ್ರೈವರ್ ಸೀಟಿನ ಸ್ಪೀಕರು ಆಗಲೇ ಸತ್ತಿತು, ಅದಕ್ಕೇ ಅಲ್ಲಿ ಕೂತ ನನಗೆ ಯಾವತ್ತೂ ಏನೂ ಕೇಳಿಸಲಿಲ್ಲ. ಆದರೆ ಆ ಸೀಟಿನಲ್ಲಿ ಯಾರಾದರೂ ಭಾರ ಹಾಕಿದಾಗಲೆಲ್ಲ ಚರ್ಮ ಸುಲಿದ ವೈರು ಕಬ್ಬಿಣಕ್ಕೆ ತಾಗುತ್ತದೆ, ಸೆಟ್ಟಿನೊಳಗೆ ಒಂದು ಮೊರೆತ ಹುಟ್ಟುತ್ತದೆ, ಅದು ಪಕ್ಕದ ಸೀಟಿನ ಸ್ಪೀಕರಿನಲ್ಲಿ ಹೊರಗೆ ಬರುತ್ತದೆ. ಕೂತವನು ಉಸಿರಾಡಿದರೆ ಭಾರ ಹೆಚ್ಚುಕಡಿಮೆಯಾಗುತ್ತದೆ, ಮೊರೆತವೂ ಏರಿಳಿಯುತ್ತದೆ. ಗೊತ್ತಾಯಿತೇ? ನೀನು ಕೇಳುತ್ತಿದ್ದದ್ದು ನನ್ನ ಉಸಿರನ್ನು.

ಈಗ ಭಾವನವರಿಗೆ ಒಂದು ಮಾತು. ನನ್ನ ಹೆಂಡತಿಗೆ ಹುಚ್ಚೂ ಇಲ್ಲ, ಭ್ರಮೆಯೂ ಇಲ್ಲ. ಅವಳ ಕಿವಿ ನಮ್ಮೆಲ್ಲರ ಕಿವಿಗಿಂತ ಚುರುಕು. ಇಲ್ಲದ ಸದ್ದನ್ನು ಅವಳು ಕೇಳಲಿಲ್ಲ, ಇದ್ದ ಸದ್ದು ನಮಗೆ ಕೇಳಿಸಲಿಲ್ಲ. ಬೇಕಾದರೆ ಟೈರ್ ಅಂಗಡಿಯ ಹಿಂದೆ ಹೋಗಿ ಆ ಸ್ಪೀಕರ್ ಎಂಬುವವನನ್ನೇ ಕೇಳಿ, ಸಾಕು ಎಂದರೂ ಬಿಡದೆ ಹೇಳುತ್ತಾನೆ. ಅವಳಿಗೆಂದು ಹೇಳಿಟ್ಟ ಹಾಸಿಗೆಯನ್ನು ನಿಜವಾಗಿ ಕಾಯಿಲೆ ಬಂದವರಿಗೆ ಬಿಟ್ಟುಕೊಡಿ.

ನಿನಗೆ ಮತ್ತೊಂದಿಷ್ಟು. ಸ್ಪೀಕರ್ ಆ ವೈರನ್ನು ಕತ್ತರಿಸಿ ಹೊಸದು ಬೆಸೆದ, ನಾನೇ ನಿಂತು ರಿಂಗನ್ನು ಬೇರೆ ಕಡೆ ಹಾಕಿದೆ. ಹೊಸ ಸೆಟ್ಟಿಗೆ ಹಳೆಯ ಕಾರಿನ ಪ್ಲಗ್ಗು ಹೊಂದುವುದಿಲ್ಲ, ನಡುವೆ ಇನ್ನೊಂದು ಪ್ಲಗ್ಗು ಹಾಕಿ ಜೋಡಿಸಿದ. ಹಳದಿ ವೈರು ಯಾವಾಗಲೂ ಎಚ್ಚರ, ಕೆಂಪು ವೈರು ಕೀಲಿ ತಿರುಗಿಸಿದರೆ ಎಚ್ಚರ, ಕಪ್ಪು ವೈರು ಕಾರಿನ ಕಬ್ಬಿಣದ ಮೈಗೆ, ಎಂದು ನನಗೂ ಪಾಠ ಮಾಡಿದ. ಎಲ್ಲ ಮುಗಿದ ಮೇಲೆ ಅವನು ಮತ್ತೆ ಡ್ರೈವರ್ ಸೀಟಿನಲ್ಲಿ ಕೂತ, ನಾನು ನಿನ್ನ ಸೀಟಿನಲ್ಲಿ ಕೂತೆ. ಮೇಲೆ ಕೆಳಗೆ ಕುಣಿದ, ಬೇಕೆಂದೇ ಬುಸುಬುಸು ಉಸಿರುಬಿಟ್ಟ. ಏನೂ ಇಲ್ಲ. ಶೆಡ್ಡಿನ ಹೊರಗೆ ಯಾರೋ ಟೈರು ಉರುಳಿಸಿಕೊಂಡು ಹೋಗುವ ಸದ್ದು ಅಷ್ಟೇ. ಆಮೇಲೆ ರೇಡಿಯೊ ಹಾಕಿದ, ಎರಡೂ ಕಿವಿಗೆ ಯಾರೋ ಹೆಂಗಸು ಹವಾಮಾನ ಹೇಳಿದಳು. "ನೋಡಿ, ಈಗ ಹೇಗಿದೆ" ಎಂದು ಸ್ಪೀಕರ್ ತೊಡೆ ತಟ್ಟಿದ. ನಾನು ತಲೆಯಾಡಿಸಿದೆ. ಮನೆಗೆ ಬರುವ ದಾರಿಯುದ್ದಕ್ಕೂ ರೇಡಿಯೊ ಹಾಕಲಿಲ್ಲ.

ಇದು ನಿನಗೆ ಸಿಹಿ ಸುದ್ದಿಯೋ ಕಹಿ ಸುದ್ದಿಯೋ ನನಗೆ ತಿಳಿಯದು. ನಿನ್ನನ್ನು ಹುಚ್ಚಿ ಎಂದವರ ಬಾಯಿಗೆ ಬೀಗ ಬಿತ್ತು, ಸರಿ. ಆದರೆ ಅಷ್ಟು ಮಾಡುವುದಕ್ಕೆ ನಿನ್ನ ಬೆನ್ನ ಹಿಂದೆ ನಿಂತವನನ್ನು ನಾನು ಇಕ್ಕಳ ಹಿಡಿದು ಹೊರಗೆ ಹಾಕಿದಂತಾಯಿತು. ಮೊದಲು ಅವನ ಸೀಟು, ಈಗ ಅವನ ಗುನುಗು. ನೀನು ಸಿಟ್ಟು ಮಾಡಿಕೊಂಡರೆ ನನ್ನದೇನೂ ಅಡ್ಡಿಯಿಲ್ಲ, ಮನೆಗೆ ಬಂದು ಸಿಟ್ಟು ಮಾಡಿಕೊ. ನಿನ್ನೆ ಊಟಕ್ಕೆ ಕೂತಾಗ ಅನ್ನಿಸಿತು: ಆ ವೈರು ಹಾಗೇ ಇದ್ದಿದ್ದರೆ, ನಾನು ಓಡಿಸುತ್ತಾ ಉಸಿರಾಡುತ್ತಿದ್ದರೆ, ನೀನು ಕೇಳುತ್ತಾ ಕೂತಿದ್ದರೆ, ಯಾರ ಗಂಟು ಏನು ಹೋಗುತ್ತಿತ್ತು.

ಭಾನುವಾರ ನಿನಗಾಗಿ ಕಾಯುತ್ತಿರುತ್ತೇನೆ. ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ ತಿಳಿಸು, ನಾನು ಬರೆದದ್ದಕ್ಕಿಂತ ಸ್ವಲ್ಪ ಹೆಚ್ಚು ಮರ್ಯಾದೆ ಸೇರಿಸಿ ತಿಳಿಸು. ಅವರ ಮಕ್ಕಳಿಗೆ ಆಶೀರ್ವಾದ. ನಿನ್ನ ಕಾಲಿಗೆ ಎಣ್ಣೆ ಹಚ್ಚಿಕೊ, ಕಿಟಕಿ ಹಾಕಿಕೊಂಡು ಮಲಗು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಯಾವತ್ತೂ ನಿನ್ನವನೇ ಆದ
ಗೊಣಗಪ್ಪ

ಮರೆಯಬಾರದ ಮಾತು, ಶುಕ್ರವಾರ ಬೆಳಿಗ್ಗೆ:

ಈ ಚೀಟಿ ಬೇರೆ. ಇದು ನಿನಗೊಬ್ಬಳಿಗೇ. ಮಾತ್ರೆಯ ವಿಷಯ ಇರುವ ಮೊದಲ ಹಾಳೆಯನ್ನೂ ಇದನ್ನೂ ತೆಗೆದಿಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಅವರ ಕೈಗೆ ಕೊಡು. ವ್ಯಾನಿನವನು ಬಂದು ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಮೇಲೆ ಬರೆದದ್ದೆಲ್ಲ ನಿಜ. ಆದರೆ ಈಗ ಅಂಗಡಿ ತೆರೆಯುವ ಮುಂಚೆ ಅಂಗಳಕ್ಕೆ ಹೋಗಿದ್ದೆ. ನಿನ್ನ ಸೀಟಿನ ತಲೆದಿಂಬಿನ ಹೊಲಿಗೆ ಒಂದು ಸಲ ನೋಡೋಣ ಎಂದು ಅಲ್ಲಿ ಕೂತೆ. ಕೀಲಿ ಒಳಗೆ ಗೋಡೆಯ ಮೊಳೆಯಲ್ಲಿತ್ತು. ಹೊಸ ಸೆಟ್ಟು ಕಪ್ಪಗಿತ್ತು. ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ ಕಣೇ. ನನಗೆ ಕೇಳಿಸಿತು. ಬೀದಿಯಲ್ಲಿ ಯಾರಾದರೂ ಇರಬೇಕೆಂದು ಇಳಿದು ಹೋಗಿ ನೋಡಿದೆ, ಬೀದಿ ಖಾಲಿ. ಬಾನೆಟ್ಟು ಎತ್ತಿ ಬ್ಯಾಟರಿಯ ವೈರು ಕಿತ್ತೆ. ಮತ್ತೆ ಬಂದು ಕೂತೆ. ಮತ್ತೆ ಕೇಳಿಸಿತು. ಮೊನ್ನೆ ಶೆಡ್ಡಿನಲ್ಲಿ ಕೇಳಿದ್ದು ವೈರೇ ಇರಬಹುದು. ಇದು ವೈರಲ್ಲ. ಹೆದರಿಕೆಯಾಗಲಿಲ್ಲ, ನಿನ್ನಾಣೆ. ಎದ್ದು ಬರುವುದಕ್ಕೇ ಮನಸ್ಸಾಗಲಿಲ್ಲ.

ಸ್ಪೀಕರ್‌ಗೆ ಹೇಳಿಲ್ಲ, ಯಾರಿಗೂ ಹೇಳುವುದಿಲ್ಲ. ನೀನೂ ಹೇಳಬೇಡ. ಭಾನುವಾರ ನಿನ್ನ ಭಾವ ಬಾಗಿಲು ಹಿಡಿದು ಬಗ್ಗಿ "ಏನಾದ್ರೂ ಕೇಳಿಸುತ್ತಾ" ಎಂದು ಕೇಳುತ್ತಾರೆ. ಇಲ್ಲ ಅನ್ನು. ನಿನಗೆ ಸುಳ್ಳು ಹೇಳುವುದಕ್ಕೆ ಬರುವುದಿಲ್ಲ, ಗೊತ್ತು. ಇವತ್ತು, ನಾಳೆ ಕನ್ನಡಿಯ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊ. ಹಿಂದಕ್ಕೆ ಮಾತ್ರ ತಿರುಗಬೇಡ. ನನ್ನ ಮುಖವನ್ನೂ ನೋಡಬೇಡ, ನೋಡಿದರೆ ನನ್ನಿಂದ ತಡೆದುಕೊಳ್ಳುವುದಕ್ಕೆ ಆಗುವುದಿಲ್ಲ. ಅವರು ಹೊರಟುಹೋಗಲಿ. ಆಮೇಲೆ ನೀನು ಎಷ್ಟು ಹೊತ್ತು ಬೇಕಾದರೂ ಕೂತು ಕೇಳು, ನಾನು ಬಾಯಿ ಬಿಡುವುದಿಲ್ಲ. ಕೇಳಿ ಮನಸ್ಸು ತುಂಬಿದ ಮೇಲೆ, ಒಂದು ಸ್ವಲ್ಪ ಹೊತ್ತು ನನಗೂ ಆ ಸೀಟು ಬಿಟ್ಟುಕೊಡು.